ರ‍್ಯಾಪ್ ಹಾಡಿಗೆ ಪುರಾವೆ ಕೇಳಿದವನು

ರ‍್ಯಾಪ್ ಹಾಡುಗಳ ಸಾಹಿತ್ಯವನ್ನು ಕಾಲಾನುಸಾರ ಮೂರು ಫೈಲುಗಳಲ್ಲಿ ಜೋಡಿಸಿಟ್ಟುಕೊಂಡಿರುವ ನಿವೃತ್ತ ಗುಮಾಸ್ತ ಇಡೀ ದೊಮ್ಮಲೂರಿನಲ್ಲಿ ನಾನೊಬ್ಬನೇ ಇರಬೇಕು. ಜೋಡಿಸಿಟ್ಟಿದ್ದೇನೆ ಎಂದ ಮಾತ್ರಕ್ಕೆ ಅರ್ಥವಾಗಿದೆ ಎಂದು ದಯವಿಟ್ಟು ತಿಳಿಯಬೇಡಿ. ನನಗೆ ತಾಳಜ್ಞಾನವಿಲ್ಲ. ಇಂಗ್ಲಿಷ್ ಬರುವುದು ಕಚೇರಿಯ ಪತ್ರ ಬರೆಯುವಷ್ಟು. ಆ ಹಾಡುಗಾರರೋ ಒಂದೇ ಉಸಿರಿಗೆ ಒಂದು ಪುಟ ಮುಗಿಸುವವರು. ಆದರೂ ಇದಕ್ಕೆ ಕೈಹಾಕಿದೆನೆಂದರೆ, ಅದಕ್ಕೆ ಹಿಂದೆ ಮಾಡಿದ ಒಂದು ತಪ್ಪು ಕಾರಣ.

ನಾನಿದ್ದದ್ದು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ. ಯಾರಾದರೂ ತೀರಿಕೊಂಡರೆ ಮನೆಯವರು ಕಾಗದಪತ್ರ ತರುತ್ತಾರೆ. ಅದರಲ್ಲಿ ಬರೆದದ್ದನ್ನೆಲ್ಲ ಅನುಮಾನಿಸುವುದಕ್ಕೇ ನನಗೆ ಸಂಬಳ. ಕೆಂಪು ಶಾಯಿಯ ಪೆನ್ನು ಹಿಡಿದು ಸಾಲುಗಳ ಪಕ್ಕದಲ್ಲಿ ‘ಪುರಾವೆ?’ ಎಂದು ಬರೆಯುತ್ತಿದ್ದೆ. ವರ್ಷಗಟ್ಟಲೆ ಹೀಗೆ ಬರೆದ ಕೈ ಮನೆಗೆ ಬಂದರೂ ಸುಮ್ಮನಿರುವುದಿಲ್ಲ. ಒಮ್ಮೆ ಹೆಂಡತಿ ವಿಮಲ ಬರೆದ ದಿನಸಿ ಚೀಟಿಯಲ್ಲಿ ಇಂಗಿನ ಪಕ್ಕ ‘ಪುರಾವೆ?’ ಎಂದು ಬರೆದು, ಮೂರು ದಿನ ಇಂಗಿಲ್ಲದ ಸಾರು ಉಂಡಿದ್ದೇನೆ.

ತೊಂಬತ್ತರ ದಶಕದ ನಡುವೆ ಮಗಳು ಸಿಂಧು ಪಿಯುಸಿಯಲ್ಲಿದ್ದಳು. ಅವಳ ಗೆಳತಿ, ಶಿವಾಜಿನಗರದ ಶಬಾನಾಳ ಮನೆಗೆ ದುಬೈಯಲ್ಲಿದ್ದ ಮಾವ ತಂದಿದ್ದ ರ‍್ಯಾಪ್ ಕ್ಯಾಸೆಟ್ಟುಗಳು ನಮ್ಮ ಮನೆಗೂ ಬಂದವು. ಸ್ವಲ್ಪ ದಿನದಲ್ಲೇ ಹುಡುಗಿಯರಿಬ್ಬರೂ ಕನ್ನಡ, ತಮಿಳು, ದಖನಿ ಉರ್ದು, ಇಂಗ್ಲಿಷ್ ಎಲ್ಲ ಬೆರೆಸಿ ತಾವೇ ಹಾಡು ಕಟ್ಟತೊಡಗಿದರು. ಒಂದು ಸಂಜೆ ಸಿಂಧು ನಾಚಿಕೊಳ್ಳುತ್ತ ತನ್ನ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟಳು.

“ಅಪ್ಪಾ, ಹೆಂಗಿದೆ ಹೇಳು. ಪೂರ್ತಿ ಓದ್ಬೇಕು, ಆಯ್ತಾ?”

ಮೊದಲ ಪುಟದಲ್ಲಿ ‘ನಾನ್ ಬಂದ್ರೆ ಕಮರ್ಷಿಯಲ್ ಸ್ಟ್ರೀಟೇ ಎದ್ ನಿಲ್ತದೆ, ಹಲಸೂರ್ ಕೆರೆ ನನ್ ಕೇಳ್ಕೊಂಡೇ ಅಲೆ ಏಳಿಸ್ತದೆ’ ಎಂದಿತ್ತು. ನನಗೆ ತಿಳಿದಂತೆ ಇವಳು ಕಮರ್ಷಿಯಲ್ ಸ್ಟ್ರೀಟಿಗೆ ಹೋಗುತ್ತಿದ್ದದ್ದು ಅಮ್ಮನ ಜೊತೆ, ಸೀರೆಗೆ ಹೊಂದುವ ಬ್ಲೌಸ್ ಪೀಸ್ ಹುಡುಕಲು. ಆಗ ಯಾರೂ ಎದ್ದು ನಿಂತಿರಲಿಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು. ‘ಪುರಾವೆ?’ ಎಂದು ಬರೆದೆ, ಅಡಿಗೆರೆ ಎಳೆದೆ, ವಾಡಿಕೆಯಂತೆ ಪಕ್ಕದಲ್ಲಿ ಪುಟ್ಟ ಸಹಿಯನ್ನೂ ಹಾಕಿ ನೋಟ್‌ಬುಕ್ ಹಿಂದಿರುಗಿಸಿದೆ. ಎರಡನೆಯ ಪುಟ ತಿರುಗಿಸಲಿಲ್ಲ. ಮೊದಲ ಪುಟದಲ್ಲೇ ಆಕ್ಷೇಪಣೆ ಇದ್ದರೆ ಮುಂದೆ ಓದುವ ಪದ್ಧತಿ ನಮ್ಮ ವಿಭಾಗದಲ್ಲಿ ಇರಲಿಲ್ಲ.

ಅವಳು ಅಳಲಿಲ್ಲ, ಜಗಳವಾಡಲಿಲ್ಲ, ನೋಟ್‌ಬುಕ್ ಮುಚ್ಚಿಕೊಂಡು ಒಳಗೆ ಹೋದಳು. ಆಮೇಲೆ ಬಸ್ಸು, ಪರೀಕ್ಷೆ, ಊಟ ಎಲ್ಲದರ ಬಗ್ಗೆಯೂ ನನ್ನೊಡನೆ ಮಾತಾಡಿದಳು. ಬರೆದದ್ದನ್ನು ಮಾತ್ರ ಮತ್ತೆಂದೂ ತೋರಿಸಲಿಲ್ಲ. ಅದು ನನ್ನನ್ನು ಬಹಳ ಕಾಡಿತು. ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಅವಳಿಗೆ ಪ್ರಿಯವಾದ ಈ ಹಾಡುಗಳನ್ನು ಅರಿತುಕೊಂಡರೆ ಆ ನೋಟ್‌ಬುಕ್ ಮತ್ತೆ ನನ್ನ ಕೈಗೆ ಬಂದೀತು ಎಂದು ಆಸೆಪಟ್ಟು, ಕದ್ದುಮುಚ್ಚಿ ಅಭ್ಯಾಸಕ್ಕೆ ಕೂತೆ.

ಕ್ಯಾಸೆಟ್ಟಿನೊಳಗೆ ಮಡಿಸಿಟ್ಟ ಹಾಳೆಯ ಸಣ್ಣಕ್ಷರವನ್ನು ಭೂತಗನ್ನಡಿ ಹಿಡಿದು ಓದಿದೆ. ಮೊದಲ ಕಾಲದವರು ಸುಲಭ: ನನ್ನ ಹೆಸರು ಇಂಥದ್ದು, ನನ್ನ ಬೀದಿ ಇಂಥದ್ದು, ಎಲ್ಲರೂ ಚಪ್ಪಾಳೆ ತಟ್ಟಿ, ಕುಣಿಯೋಣ. ಅವರ ನಂತರದವರಿಗೆ ಕುಣಿತ ಸಾಕಾಗಿದೆ. ಪೊಲೀಸರು ಸುಮ್ಮಸುಮ್ಮನೆ ತಡೆದು ನಿಲ್ಲಿಸುತ್ತಾರೆ, ಕೆಲಸವಿಲ್ಲ, ಗೆಳೆಯ ಗುಂಡೇಟಿಗೆ ಸತ್ತ, ಅವನ ತಾಯಿ ಬಾಗಿಲಲ್ಲಿ ಕೂತಿದ್ದಾಳೆ. ಇಲ್ಲಿ ನನ್ನ ಪೆನ್ನು ಅಲುಗಲಿಲ್ಲ. ಅಂಥ ತಾಯಂದಿರು ನನ್ನ ಮೇಜಿನ ಮುಂದೆಯೂ ಕೂತಿದ್ದಾರೆ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಸಿ.ಡಿ.ಗಳಲ್ಲಿ ನೋಡಿದರೆ, ಅದೇ ಬೀದಿಯವರ ಕೊರಳಲ್ಲಿ ಹಗ್ಗದಷ್ಟು ದಪ್ಪ ಚಿನ್ನ, ಮನೆ ಮುಂದೆ ನಾಲ್ಕು ಕಾರು! ನಿನ್ನೆ ಅತ್ತವರು ಇವರೇ ಏನು?

ಅಷ್ಟೇ ಆಗಿದ್ದರೆ ಮೂರು ಫೈಲು ಕಟ್ಟಿ ನೆಮ್ಮದಿಯಾಗಿರುತ್ತಿದ್ದೆ. ಆದರೆ ಕುಣಿತದ ಕಾಲದ ಒಬ್ಬ ಒಡೆದ ಗಾಜು, ಮುರಿದ ಮೆಟ್ಟಿಲುಗಳ ಬಗ್ಗೆ ಗೋಳಾಡಿದ್ದ. ಚಿನ್ನದ ಕಾಲದ ಇನ್ನೊಬ್ಬ ಸತ್ತ ಅಜ್ಜಿಯನ್ನು ನೆನೆದಿದ್ದ. ಜಂಭವಂತೂ ಮೂರರಲ್ಲೂ ಇತ್ತು. ಕಾಗದಗಳು ಒಂದು ಫೈಲಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇದ್ದವು. ಜಂಭ ನಮಗೇನು ಹೊಸದೇ ಎಂದೂ ಅನ್ನಿಸಿತು. ಮೂರು ಹಳ್ಳಿ ಆಳಿದವನೂ ಕಲ್ಲಿನಲ್ಲಿ ತನ್ನನ್ನು ಸಪ್ತಸಮುದ್ರಗಳ ಒಡೆಯ ಎಂದು ಕೆತ್ತಿಸಿಕೊಂಡ ನಾಡು ಇದು. ಪುರಾವೆ ಕೇಳುವ ಗುಮಾಸ್ತನೊಬ್ಬ ಆಗ ಇದ್ದಿದ್ದರೆ ನಮ್ಮ ಶಾಸನಗಳೆಲ್ಲ ಎರಡೆರಡು ಸಾಲಿಗೆ ಮುಗಿಯುತ್ತಿದ್ದವು.

ಸಿಂಧು ಈಗ ಕಮ್ಮನಹಳ್ಳಿಯಲ್ಲಿ ಶಾಲೆಯ ಟೀಚರು. ಒಂದು ಭಾನುವಾರ ಮನೆಗೆ ಬಂದವಳು ಹಳೆಯ ಫೋಟೋ ಹುಡುಕುತ್ತ ಬೀರು ತೆಗೆದಳು. ಮೂರು ಫೈಲುಗಳೂ ಸಿಕ್ಕಿಬಿದ್ದವು.

“ಏನಪ್ಪಾ ಇದು?”

ತೊದಲುತ್ತ ಎಲ್ಲವನ್ನೂ ಹೇಳಿದೆ. ಅವಳು ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

“ಮೂರು ಫೈಲಲ್ಲೂ ‘ನಾನೂ ಇದೀನಿ, ಈ ಕಡೆ ನೋಡಿ’ ಅಂತಾನೇ ಅಲ್ವೇನಪ್ಪಾ ಕೂಗ್ತಿರೋದು?”

“ಹಾಗಾದ್ರೆ ಒಂದೇ ಫೈಲ್ ಮಾಡ್ಬಿಡ್ಲಾ?”

“ಅಯ್ಯೋ, ಎಲ್ಲಾ ಒಂದೇ ಅಂತ ನಾನೆಲ್ಲಿ ಹೇಳ್ದೆ?”

ಇದ್ದಬದ್ದ ತಿಳಿವಳಿಕೆಯೂ ಅಲ್ಲಿಗೆ ಮುಗಿಯಿತು. ಫೈಲುಗಳನ್ನು ಏನು ಮಾಡಬೇಕೆಂದು ತೋಚದೆ ಮತ್ತೆ ಬೀರುವಿನಲ್ಲೇ ಇಟ್ಟೆ.

ಮುಂದಿನ ಭಾನುವಾರ ಅವಳು ಆ ಹಳೆಯ ನೋಟ್‌ಬುಕ್ ತಂದಳು. ಮೊದಲ ಪುಟ ದಾಟಿಸಿ ಎರಡನೆಯದನ್ನು ನನ್ನ ಮುಂದೆ ಹಿಡಿದಳು. ‘ನಮ್ಮಪ್ಪನ್ ಮೇಜಿನ್ ಮುಂದೆ ಯಮನೂ ಕ್ಯೂ ನಿಲ್ತಾನೆ, ಅಪ್ಪನ್ ಸೈನ್ ಇಲ್ದೆ ಈ ಊರಲ್ ಯಾರೂ ಸಾಯಂಗಿಲ್ಲ.’

ನನ್ನ ಇಡೀ ನೌಕರಿಯಲ್ಲಿ ಇಷ್ಟು ದೊಡ್ಡ ಸುಳ್ಳನ್ನು ಯಾರೂ ನನ್ನ ಮುಂದಿಟ್ಟಿರಲಿಲ್ಲ. ಇಷ್ಟು ವರ್ಷ ಅದು ಒಂದು ಹಾಳೆಯ ಆಚೆ ನನಗಾಗಿ ಕಾದಿತ್ತು. ಕೆಂಪು ಪೆನ್ನು ತೆಗೆದೆ. ಸಿಂಧುವಿನ ಮುಖ ಸಣ್ಣದಾಯಿತು. ಸಾಲಿನ ಪಕ್ಕದಲ್ಲಿ ‘ಪರಿಶೀಲಿಸಿದೆ, ಸರಿಯಿದೆ’ ಎಂದು ಬರೆದು, ಈ ಸಲ ಪೂರ್ತಿ ಸಹಿ ಹಾಕಿದೆ.

ಅವಳು ಬಗ್ಗಿ ಓದಿ, ಹುಬ್ಬೇರಿಸಿ ನನ್ನತ್ತ ನೋಡಿದಳು.

“ಪುರಾವೆ?”

ಮುಂದಿನ ಪುಟ ತಿರುಗಿಸಿದೆ.