ಅಕ್ಕ ಕೊಟ್ಟು ಹೋದ ಕಡೆಗೋಲು

ಊರಿಗೆ ಹೋದಾಗ ಯಾರಾದರೂ "ಲ್ಯಾಬಲ್ಲಿ ಅದೇನ್ ಮಾಡ್ತೀಯವ್ವಾ?" ಎಂದು ಕೇಳಿದರೆ ನಾನು ಹೆಪ್ಪಿನ ಮಾತು ಎತ್ತುತ್ತೇನೆ. ಕೈಲಾಂಚದ ಕಡೆಯ ನಮ್ಮಜ್ಜಿಯ ಅಡುಗೆಮನೆಯಲ್ಲಿ ಕಲಿತ ಮಾತೇ ನನಗೆ ಇವತ್ತಿಗೂ ಮೊದಲು ನಾಲಿಗೆಗೆ ಬರುವುದು. ಒಂದು ಚೂರು ಮಜ್ಜಿಗೆ ಪಾತ್ರೆ ತುಂಬ ಹಾಲನ್ನು ಮೊಸರು ಮಾಡುವುದಿಲ್ಲವೇ? ಹಾಗೆಯೇ ನಾವು ಲೋಹಕ್ಕೆ ಇಂಗಾಲ ಜೋಡಿಸಿ ಒಂದು ಪುಡಿ ಮಾಡುತ್ತೇವೆ. ಅದನ್ನು ಚಿಟಿಕೆ ಹಾಕಿದರೆ, ಒಂದರ ಮುಖ ಒಂದು ನೋಡದೆ ಕೂತಿದ್ದ ರಾಸಾಯನಿಕಗಳು ಕೂಡಿಕೊಳ್ಳುತ್ತವೆ. "ಓ, ಮೊಸ್ರು ಮಾಡೋ ಕೆಲ್ಸ ಅನ್ನು" ಎನ್ನುತ್ತಾರೆ ಊರವರು. ಹೂಂ ಎಂದು ಕಾಫಿ ಕುಡಿದು ಬರುತ್ತೇನೆ.

ಬಿಡದಿ ಆಚೆಗಿರುವ ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ಗಾಜಿನ ಬುರುಡೆಯೊಳಗೆ ದ್ರಾವಣ ಕಲಕಲು ಗುಳಿಗೆಯಷ್ಟು ಪುಟ್ಟ ಆಯಸ್ಕಾಂತದ ಕಡ್ಡಿ ಹಾಕುತ್ತೇವೆ. ಅದಕ್ಕೆ ಹುಡುಗಿಯರು ಇಟ್ಟ ಹೆಸರು ಕಡೆಗೋಲು. ಪಿಎಚ್‌ಡಿ ಮುಗಿಸಿ ಹೋಗುವವರು ತಮ್ಮ ಕಡೆಗೋಲನ್ನು ಹೊಸಬರಿಗೆ ಕೊಟ್ಟು ಹೋಗಬೇಕು. ಅದೃಷ್ಟದ ಕಡ್ಡಿ ಎಂದು ನಂಬಿಕೆ.

ಚನ್ನಪಟ್ಟಣದ ಒಬ್ಬಳು ಹುಡುಗಿ ನನ್ನ ಬಳಿ ಸಂಶೋಧನೆಗೆ ಬಂದಳು. ಅವಳ ಅಬ್ಬಾ ಅರಗಿನ ಗೊಂಬೆ ಮಾಡುವವರು. ಅವಳಿಗೆ ಸಿಕ್ಕಿದ್ದು, ವರ್ಷಗಟ್ಟಲೆ ಪಲ್ಲಾಡಿಯಂ ಎಂಬ ಲೋಹದ ಹೆಪ್ಪಿನ ಮೇಲೆ ಕೆಲಸ ಮಾಡಿ ಹೋದ ಹಿರಿಯಳ ಕಡ್ಡಿ. ಬಿಳಿ ಹೊದಿಕೆ ಕರ್ರಗಾಗಿತ್ತು. ದುಬಾರಿ ಪಲ್ಲಾಡಿಯಂ ಮಾಡುವ ಕೆಲಸವನ್ನು ಅಗ್ಗದ ಕಬ್ಬಿಣದಿಂದ ಮಾಡಿಸುವುದು ಇವಳ ಹಟ. ಕೊನೆಗೂ ಮಾಡಿಸಿದಳು. ಲ್ಯಾಬಿಗೆಲ್ಲ ಸಿಹಿ ಹಂಚಿದ್ದಾಯಿತು. ಅವಳ ಪ್ರಬಂಧ ಪೂರ್ತಿ ಆ ಕಬ್ಬಿಣದ ಮೇಲೆಯೇ ನಿಂತಿತ್ತು.

ಒಂದು ದಿನ ಪಕ್ಕದ ಮೇಜಿನವಳು ಆ ಕಡ್ಡಿಯನ್ನು ಕೇಳಿ ತೆಗೆದುಕೊಂಡಿದ್ದಳು. ಇವಳು ಹೊಸದೊಂದು ಹಾಕಿ ಅದೇ ಪ್ರಯೋಗ ಮಾಡಿದಳು. ಸಂಜೆಯಾದರೂ ಏನೂ ಆಗಲಿಲ್ಲ. ನೀರಿನ ಪಸೆ ಸೇರಿರಬೇಕು ಎಂದೆ ನಾನು. ಮಾರನೆಯ ದಿನವೂ ಅದೇ ಕಥೆ. ಹಳೆಯ ಕಡ್ಡಿ ವಾಪಸು ಬಂತು, ಪ್ರಯೋಗ ಸಲೀಸಾಗಿ ನಡೆಯಿತು. ಎಲ್ಲರೂ ನಿಟ್ಟುಸಿರು ಬಿಟ್ಟೆವು, ಅವಳೊಬ್ಬಳನ್ನು ಬಿಟ್ಟು.

ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತಳು. "ಮೇಡಂ, ನೀವ್ ಹೆಪ್ಪು ಹೆಪ್ಪು ಅಂತೀರಲ್ಲ. ಸರ್ಯಾಗಿ ತೊಳೀದೆ ಇರೋ ಪಾತ್ರೆಗೆ ಹಾಲು ಹುಯ್ದ್ರೆ, ಹೆಪ್ಪಾಕ್ದೇನೂ ಒಡ್ದೋಗ್ತದಲ್ವಾ?"

ನಾನು ಕನ್ನಡಕ ತೆಗೆದಿಟ್ಟೆ.

"ಕಬ್ಣ ಬುಟ್ಟು, ಬರೀ ಆ ಕಡ್ಡಿ ಹಾಕಿ ನೋಡ್ಬುಡ್ತೀನಿ" ಎಂದಳು.

"ಆಮೇಲೆ ಪ್ರಬಂಧದ ಗತಿ ಏನಮ್ಮಾ?"

"ನೋಡ್ದೆ ಇದ್ರೆ ನಂಗೆ ನಿದ್ದೆ ಬತ್ತದಾ ಮೇಡಂ?"

ನೋಡಿದಳು. ಕಬ್ಬಿಣದ ಕಣವೂ ಇರಲಿಲ್ಲ, ಆದರೂ ಪ್ರಯೋಗ ಅಚ್ಚುಕಟ್ಟಾಗಿ ನಡೆದುಹೋಯಿತು. ಕಡ್ಡಿಯ ಗೀರುಗಳಲ್ಲಿ ಕೂತಿದ್ದ ಹಿರಿಯಳ ಪಲ್ಲಾಡಿಯಂ ಅಷ್ಟು ದಿನವೂ ಸದ್ದಿಲ್ಲದೆ ದುಡಿದಿತ್ತು. ಅವಳು ಅಳಲಿಲ್ಲ. ಬುರುಡೆಯನ್ನು ಉಜ್ಜಿದಳು, ಉಜ್ಜಿದಳು, ಇನ್ನೇನು ಸವೆದೇ ಹೋಗುತ್ತದೆ ಅನ್ನುವಷ್ಟು ಉಜ್ಜಿದಳು. "ಬಾ, ತಟ್ಟೆ ಇಡ್ಲಿ ತಿನ್ನೋಣ" ಎಂದು ಕರೆದುಕೊಂಡು ಹೋದೆ. ತಿನ್ನಲಿಲ್ಲ, ಚಟ್ನಿಯಲ್ಲಿ ಬೆರಳಾಡಿಸುತ್ತ ಕೂತಳು.

ಆ ಭಾನುವಾರ ಅವರ ಮನೆಗೆ ಹೋದೆ. ಅಬ್ಬಾ ತಿರುಗುವ ಮರಕ್ಕೆ ಕೆಂಪು ಅರಗು ಹಿಡಿದು ಕೂತಿದ್ದರು. ವಿಷಯವನ್ನೆಲ್ಲ ಕೇಳಿಸಿಕೊಂಡು ಮಗಳ ಕಡೆ ತಿರುಗಿದರು. "ಹಂಗಾದ್ರೆ ಬಿರ್ಯಾನಿ ಮಾಡ್ದೋಳು ಆ ಅಕ್ಕ. ಶಾಭಾಷ್ ಅನ್ನಿಸ್ಕೊಂಡೋಳು ನೀನು!"

"ಅಬ್ಬಾ!" ಎಂದು ರೇಗಿದಳು. ರೇಗುತ್ತಲೇ ನಕ್ಕಳು. ಅವಳು ನಕ್ಕದ್ದನ್ನು ಕಂಡು ನನ್ನ ಜೀವಕ್ಕೆ ಒಸಿ ನೆಮ್ಮದಿಯಾಯಿತು.

"ಕಬ್ಣಕ್ಕೆ ಕೈಲಾಗಲ್ವಾ ಮೇಡಂ?" ಎಂದು ಅವರು ಕೇಳಿದರು.

"ಗೊತ್ತಿಲ್ಲ. ಅದನ್ನ ಇನ್ನೂ ಯಾರೂ ಒಂಟಿಯಾಗಿ ದುಡಿಸಿಲ್ಲ" ಎಂದೆ. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು.

ಎಲ್ಲ ಹೊಸ ಪಾತ್ರೆ, ಹೊಸ ಕಡ್ಡಿಗಳೊಂದಿಗೆ ಮೊದಲಿಂದ ಶುರುಮಾಡಿದಳು. ಕಬ್ಬಿಣ ಕೆಲಸ ಮಾಡಿತು, ಆದರೆ ಗೊಣಗುತ್ತ ಮಾಡಿತು. ಜೋರು ಶಾಖ ಬೇಕು, ಸಿಗುವುದು ಪಲ್ಲಾಡಿಯಂ ಕೊಡುವುದರ ಅರ್ಧಕ್ಕಿಂತ ಕಮ್ಮಿ. ಇದ್ದದ್ದನ್ನು ಇದ್ದ ಹಾಗೆ ಬರೆದಳು. ಕಡ್ಡಿಯ ಕಥೆಗೂ ಒಂದು ಅಧ್ಯಾಯ ಕೊಟ್ಟಳು. ತಡವಾದರೂ ಪದವಿ ಬಂತು.

ಹೊರಡುವ ದಿನ ಹೊಸಬಳಿಗೊಂದು ಅರಗಿನ ಡಬ್ಬಿ ಕೊಟ್ಟಳು, ಅಬ್ಬಾ ಕಡೆದದ್ದು. ಒಳಗೆ ಬೆಳ್ಳಗೆ ಹೊಳೆಯುವ ಕಡ್ಡಿ.

"ಅಕ್ಕಾ, ನಿಮ್ಮ ಹಳೇದು ಕೊಡಲ್ವಾ?" ಹೊಸಬಳ ಮುಖ ಬಾಡಿತು.

"ಅದು ಬಾಳಾ ಕೆಲ್ಸ ಮಾಡ್ತದೆ ಕಣೇ. ನೀನ್ ಮಾಡಿದ್ದೇನು ಅಂತ ನಿಂಗೇ ಗೊತ್ತಾಗಲ್ಲ."