ಭಟ್ಟರ ಮನೆಯ ಮೊಟ್ಟೆ

ನನ್ನ ಮಾವ ಸೋಮನಾಥ ಭಟ್ಟರು ಮುಂಬಯಿಯ ಮಾಟುಂಗದ ಒಂದು ಉಡುಪಿ ಹೋಟೆಲಿಗೆ ಬಡಿಸುವ ಕೆಲಸಕ್ಕೆ ಸೇರಿ, ಮುಖ್ಯ ಅಡುಗೆಯವರಾಗಿ ನಿವೃತ್ತರಾದವರು. ನಿವೃತ್ತರಾದ ಮೇಲೆ ದಹಿಸರಿನ ನಮ್ಮ ಮನೆಯ ಅಡುಗೆಮನೆಗೆ ಬಂದು ನಿಂತರು. ಅಲ್ಲಿ ಮೊದಲೇ ನನ್ನ ಅತ್ತೆ ವಸಂತಿ ಇದ್ದರು. ಸಾರಿಗೆ ಹಿಂಗು ಯಾವಾಗ ಹಾಕಬೇಕು ಎನ್ನುವ ವಿಷಯದಲ್ಲಿ ಇಬ್ಬರೂ ಮಾತು ಬಿಟ್ಟರು. ಆಗ ನನ್ನ ಗಂಡ ಮನೀಶ್, ಅಪ್ಪನಿಗೆ ಬೇರೆ ಏನಾದರೂ ಕೆಲಸವಿರಲಿ ಎಂದು, ಗಿಳಿಯ ಜಾತಿಯ ಒಂದು ಕಾಕಟೀಲ್ ಹಕ್ಕಿಯನ್ನು ತಂದ.

ಬಿಳಿ ಮೈ, ಹಳದಿ ತಲೆ, ಕೆನ್ನೆಯ ಮೇಲೆ ಕುಂಕುಮ ಮೆತ್ತಿದಂತೆ ಎರಡು ಕೇಸರಿ ಬೊಟ್ಟು, ತಲೆಯ ಮೇಲೆ ಜುಟ್ಟು. ಗಂಡು, ಚೆನ್ನಾಗಿ ಸಿಳ್ಳೆ ಹಾಕುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ಅದು ಕೋಲಿನ ಮೇಲೆ ಕೂತು, ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಎಷ್ಟು ತಿಂದರು ಎಂದು ಒಂದು ಕಣ್ಣಿನಲ್ಲಿ ನೋಡುವ ರೀತಿ ಮಾವನಿಗೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರನ್ನು ನೆನಪಿಸಿತು. ಮ್ಯಾನೇಜರ್ ಎಂದು ಹೆಸರಿಟ್ಟರು.

ನನಗೆ ಆಗ ಯಕ್ಷಿತಾಳ ಕೆಮ್ಮಿನ ಚಿಂತೆ. ಅವಳಿಗೆ ಒಂದು ವರ್ಷ ತುಂಬಿತ್ತಷ್ಟೇ. ಈ ಜಾತಿಯ ಹಕ್ಕಿಗಳ ರೆಕ್ಕೆಯಿಂದ ಬಿಳಿ ಪುಡಿ ಉದುರುತ್ತದೆ ಎಂದು ಮೊಬೈಲಿನಲ್ಲಿ ಓದಿದೆ. ಟಿವಿಯ ಮೇಲೆ ಬೆರಳಾಡಿಸಿದೆ, ಪುಡಿ ಇತ್ತು. ಪಂಜರವನ್ನು ಕಿಟಕಿಗೆ ಸರಿಸಿದೆ. ಕಿಟಕಿಯ ಗಾಳಿ ನೇರ ಬಡಿದರೆ ಹಕ್ಕಿಗೆ ಆಗದು ಎಂದು ಓದಿ ವಾಪಸು ತಂದೆ. ನಾನ್‌ಸ್ಟಿಕ್ ಕಾವಲಿ ಹೆಚ್ಚು ಕಾದರೆ ಅದರ ಹೊಗೆಗೆ ಹಕ್ಕಿ ಸಾಯುತ್ತದೆ ಎಂದು ಓದಿದ ದಿನ ನನ್ನ ನಾನ್‌ಸ್ಟಿಕ್ ಕಾವಲಿಯನ್ನು ಮನೆಯಿಂದಲೇ ಹೊರಗೆ ಹಾಕಿದೆ. ಮಾವನಿಗೆ ಮೊಬೈಲಿನ ಮೇಲೆ ಗೌರವ ಬಂದದ್ದು ಅದೊಂದೇ ಸಲ. ಕಬ್ಬಿಣದ ಕಾವಲಿಯನ್ನು ಅಟ್ಟದಿಂದ ಇಳಿಸಿ ಒಂದು ವಾರ ದೋಸೆ ಹೊಯ್ದರು.

ಬೆಳಿಗ್ಗೆ ಪೂಜೆ ಮುಗಿದ ಮೇಲೆ ಮಾವ ಪಂಜರದ ಮುಂದೆ ಸ್ಟೂಲ್ ಹಾಕಿಕೊಂಡು ಕೂತು ಮಂಗಳಾರತಿಯ ಧಾಟಿಯನ್ನು ಸಿಳ್ಳೆಯಲ್ಲಿ ಹೇಳಿಕೊಡುತ್ತಿದ್ದರು. ಮ್ಯಾನೇಜರ್ ಕೇಳುತ್ತಿತ್ತು. ಜುಟ್ಟು ನೆಟ್ಟಗೆ ನಿಂತರೆ ಗಾಬರಿ, ಸ್ವಲ್ಪ ಹಿಂದಕ್ಕೆ ಬಾಗಿದರೆ ಆರಾಮ, ತಲೆಗೆ ಅಂಟಿಕೊಂಡು ಬಾಯಿಂದ ಬುಸ್ ಎಂದು ಬಂದರೆ ಸಿಟ್ಟು. ಇಷ್ಟನ್ನು ಮಾವ ಅದರಿಂದ ಕಲಿತರು. ಮಾವನಿಂದ ಅದು ಏನನ್ನೂ ಕಲಿಯಲಿಲ್ಲ. ತಿಂಗಳುಗಟ್ಟಲೆ ದಿನವೂ ಸಿಳ್ಳೆ ಹಾಕಿ, ಕೊನೆಗೆ ಕತ್ತಿನಿಂದ ಬಾಲದವರೆಗೆ ಬೆನ್ನು ಸವರಿ, ನಾಳೆ ನೋಡುವ ಎಂದು ಎದ್ದುಹೋಗುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆ ಪಂಜರದ ಪೇಪರ್ ಬದಲಿಸಲು ಹೋದವರು ಹಾಗೇ ನಿಂತರು. ಮಾವನೊಡನೆ ಆಗಲೂ ಅವರಿಗೆ ಪೂರ್ತಿ ಮಾತಿರಲಿಲ್ಲ. ಆದರೂ ಕರೆದರು.

"ಇಲ್ಲಿ ಬನ್ನಿ. ನಿಮ್ಮ ಮ್ಯಾನೇಜರ್ ಹೆತ್ತಿದ್ದಾನೆ."

ಪೇಪರಿನ ಮೇಲೆ ಅಡಕೆಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಳಿ ಮೊಟ್ಟೆ. ಗಂಡಿಲ್ಲದಿದ್ದರೂ ಹೆಣ್ಣು ಕಾಕಟೀಲ್ ಮೊಟ್ಟೆ ಇಡುತ್ತದೆ, ಅದರಿಂದ ಮರಿ ಬರುವುದಿಲ್ಲ, ಮತ್ತು ಹೆಣ್ಣು ಸಾಮಾನ್ಯವಾಗಿ ಸಿಳ್ಳೆ ಕಲಿಯುವುದಿಲ್ಲ ಎಂದು ನಾನು ಓದಿ ಹೇಳಿದೆ. ಮೂರನೆಯದನ್ನು ಕೇಳಿದಾಗ ಮಾತ್ರ ಮಾವನ ಮುಖ ಸಣ್ಣಗಾಯಿತು.

ಮಾವ ಜೀವಮಾನವೆಲ್ಲ ಅಡುಗೆಮನೆಯಲ್ಲಿ ಕಳೆದವರು, ಆದರೆ ಆ ವಸ್ತುವನ್ನು ಮುಟ್ಟಿದವರಲ್ಲ. ಅದರ ಹೆಸರನ್ನೂ ಹೇಳುತ್ತಿರಲಿಲ್ಲ. ‘ಅದು’ ಎನ್ನುತ್ತಿದ್ದರು. ದೇವರಿರುವ ಮನೆಯಲ್ಲಿ ಅದು ಇರುವ ಹಾಗಿಲ್ಲ. ಹಳೆಯ ಇಕ್ಕಳವೊಂದನ್ನು ಅದಕ್ಕೆಂದೇ ಬೇರೆ ಇಟ್ಟರು. ಇಕ್ಕಳದಲ್ಲಿ ಎತ್ತಿ, ಪೇಪರಿನಲ್ಲಿ ಸುತ್ತಿ, ಕೆಳಗೆ ಕಸದ ಡಬ್ಬಕ್ಕೆ ಹಾಕಿ ಬಂದು ತಲೆಗೆ ಸ್ನಾನ ಮಾಡಿದರು. ಸ್ನಾನವಾಗುವವರೆಗೆ ನೀರನ್ನೂ ಕುಡಿಯಲಿಲ್ಲ. ನನ್ನ ಒಪ್ಪಿಗೆಯೂ ಇತ್ತು. ಯಕ್ಷಿತಾ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ, ಮೊಟ್ಟೆಯ ಸಿಪ್ಪೆಯಲ್ಲಿ ಇರಬಹುದಾದ ರೋಗಾಣುಗಳ ಬಗ್ಗೆ ನಾನು ರಾತ್ರಿಯೇ ಓದಿಟ್ಟಿದ್ದೆ.

ಒಂದು ದಿನ ಬಿಟ್ಟು ಇನ್ನೊಂದು ಬಂತು. ಇಕ್ಕಳ, ಪೇಪರ್, ಸ್ನಾನ. ಮತ್ತೊಂದು ಬಂತು. ಮತ್ತೂ ಒಂದು. ಬೆಳಿಗ್ಗೆಯ ಸ್ನಾನದ ಮೇಲೆ ಇನ್ನೊಂದು ಸ್ನಾನವಾಗಿ ಮಾವನಿಗೆ ನೆಗಡಿ ಹಿಡಿಯಿತು. ಅದು ಯಕ್ಷಿತಾಳಿಗೆ ದಾಟುತ್ತದೆಯೇ ಎಂಬ ಚಿಂತೆ ನನಗೆ ಹಿಡಿಯಿತು.

ನಮ್ಮ ಬಿಲ್ಡಿಂಗಿನಲ್ಲಿ ಹೆಚ್ಚಿನವರು ಈರುಳ್ಳಿಯನ್ನೂ ತಿನ್ನದ ಜನ. ಕಸ ತೆಗೆಯುವವರ ಕೈಯಲ್ಲಿ ಕನ್ನಡ ಪೇಪರಿನಲ್ಲಿ ಸುತ್ತಿದ ಮೊಟ್ಟೆ ಕಂಡ ಸುದ್ದಿ ಸೊಸೈಟಿಯ ಸೆಕ್ರೆಟರಿ ಅನಿಲ್‌ಭಾಯಿಯವರೆಗೆ ಹೋಯಿತು. ಅವರು ಒಂದು ಸಂಜೆ ಬಂದು, ಚಹಾ ಕುಡಿದು, ಬಿಲ್ಡಿಂಗಿನ ಸತ್ಯನಾರಾಯಣ ಪೂಜೆಯ ಶೀರಾ ಪ್ರತಿವರ್ಷ ಈ ಅಡುಗೆಮನೆಯಿಂದಲೇ ಬರುವುದು ತಮಗೆಲ್ಲ ಎಷ್ಟು ಹೆಮ್ಮೆ ಎಂದು ಹಿಂದಿಯಲ್ಲಿ ಹೇಳಿದರು. ಆಮೇಲೆ, ಈಗಿನ ಮಕ್ಕಳ ಡಾಕ್ಟರುಗಳು ತಾಯಂದಿರಿಗೆ ಏನೇನೋ ಕೊಡಿ ಎನ್ನುತ್ತಾರೆ, ತಮಗೂ ಅರ್ಥವಾಗುತ್ತದೆ, ಆದರೆ ಕಟ್ಟಡಕ್ಕೊಂದು ರೀತಿ ಇದೆ ಎಂದರು. ಎಲ್ಲರೂ ನನ್ನನ್ನು ನೋಡಿದರು. ಮ್ಯಾನೇಜರ್ ಕೂಡ ನೋಡಿತು.

ಮಾವ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆ ಮಾತಿನಲ್ಲಿ ಅವರು ಬಾಯಿಗೆ ತಾರದ ಆ ಶಬ್ದ ಇತ್ತು. "ದೇಖತಾ ಹೂಂ", ನೋಡುತ್ತೇನೆ ಎಂದಷ್ಟೇ ಹೇಳಿ ಕಳಿಸಿದರು. ಮರುದಿನದಿಂದ ಮೊಟ್ಟೆಯನ್ನು ಹಳೆಯ ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು ಸ್ಟೇಷನ್ ಹತ್ತಿರದ ಕಸದ ತೊಟ್ಟಿಗೆ ಹೋಗತೊಡಗಿದರು. ನನಗೆ ಲಿಫ್ಟಿನಲ್ಲಿ ಸಿಕ್ಕ ಹೆಂಗಸರು ಮೊಳಕೆ ಬಂದ ಹೆಸರುಕಾಳಿನಲ್ಲಿ ಎಷ್ಟು ಶಕ್ತಿ ಇದೆ ಎಂದು ವಿವರಿಸತೊಡಗಿದರು.

ಆಮೇಲೆ ಒಂದು ಬೆಳಿಗ್ಗೆ ಮ್ಯಾನೇಜರ್ ಕೋಲಿನ ಮೇಲೆ ಇರಲಿಲ್ಲ. ಪಂಜರದ ಮೂಲೆಯಲ್ಲಿ, ನೆಲದ ಮೇಲೆ, ಹತ್ತಿಯ ಉಂಡೆಯಂತೆ ಮೈ ಉಬ್ಬಿಸಿ ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಮಾವ ಸಿಳ್ಳೆ ಹಾಕಿದರು. ಅದು ಬುಸ್ ಎನ್ನಲಿಲ್ಲ. ಕೈ ಒಳಗೆ ಹಾಕಿ ಬೆರಳನ್ನು ಕೊಕ್ಕಿನ ಮುಂದೆ ಹಿಡಿದರು.

"ಕಚ್ಚುದಿಲ್ಲ" ಎಂದು ನನ್ನ ಕಡೆ ತಿರುಗಿದರು. "ಪ್ರಣೀತಾ, ಇದು ಕಚ್ಚುದಿಲ್ಲ ಮಾರಾಯ್ತಿ."

ಸ್ಟೇಷನ್ನಿಗೂ ನಡೆದೇ ಹೋಗುವ ಮಾವ ತಾವೇ ಕೆಳಗಿಳಿದು ರಿಕ್ಷಾ ನಿಲ್ಲಿಸಿದರು. ವಿಲೆ ಪಾರ್ಲೆಯಲ್ಲಿ ಹಕ್ಕಿಗಳನ್ನು ನೋಡುವ ಡಾಕ್ಟರೊಬ್ಬರಿದ್ದಾರೆ ಎಂದು ನಾನು ಹುಡುಕಿದ್ದೆ. ಪಂಜರಕ್ಕೆ ಅತ್ತೆಯ ಹಳೆಯ ಹತ್ತಿ ಸೀರೆ ಹೊದಿಸಿ ಮಾವ ತೊಡೆಯ ಮೇಲಿಟ್ಟುಕೊಂಡರು. ಹೈವೇಯ ಒಂದೊಂದು ಗುಂಡಿಗೂ ಪಂಜರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು. ನಾನು ಅತ್ತೆಗೆ ಮತ್ತೆ ಮತ್ತೆ ಫೋನ್ ಮಾಡಿ ಯಕ್ಷಿತಾ ಹೇಗಿದ್ದಾಳೆ ಎಂದು ಕೇಳುತ್ತಿದ್ದೆ. ಕೊನೆಗೆ ಅತ್ತೆ, ಯಕ್ಷಿತಾ ಚೆನ್ನಾಗಿದ್ದಾಳೆ, ಫೋನ್ ಎತ್ತಿ ಎತ್ತಿ ತನಗೇ ಆಗುವುದಿಲ್ಲ ಎಂದು ಇಟ್ಟುಬಿಟ್ಟರು.

ಡಾಕ್ಟರು ಒಬ್ಬ ಮರಾಠಿ ಹೆಂಗಸು. ಮೊಟ್ಟೆ ಒಳಗೆ ಸಿಕ್ಕಿಕೊಂಡಿದೆ, ಹೊರಗೆ ತಳ್ಳಲು ಹಕ್ಕಿಗೆ ಶಕ್ತಿ ಇಲ್ಲ ಎಂದರು. ಮೊಟ್ಟೆಯ ಸಿಪ್ಪೆಗೆ ಬೇಕಾದ ಸುಣ್ಣದ ಅಂಶ ಅದರ ಎಲುಬಿನಿಂದ ಹೋಗುತ್ತದೆ, ಈಗ ಎಲುಬಿನಲ್ಲೂ ಉಳಿದಿಲ್ಲ. ಇಂಜೆಕ್ಷನ್ ಕೊಟ್ಟು ಬಿಸಿ ಪೆಟ್ಟಿಗೆಯಲ್ಲಿಟ್ಟರು. ಬದುಕುತ್ತದೆಯೇ ಎಂದು ಮಾವ ಕೇಳಿದ್ದಕ್ಕೆ, ಸಂಜೆಯೊಳಗೆ ಮೊಟ್ಟೆ ಬಂದರೆ ಹೇಳುತ್ತೇನೆ ಎಂದರು. ಆಮೇಲೆ, ಇಟ್ಟ ಮೊಟ್ಟೆಗಳನ್ನು ಏನು ಮಾಡಿದಿರಿ ಎಂದು ಕೇಳಿದರು. ತೆಗೆದೆವು ಎಂದು ನಾನು ಹೇಳಿದೆ. ಅದೇ ತಪ್ಪಾದದ್ದು ಎಂದರು. ಸಾಮಾನ್ಯವಾಗಿ ನಾಲ್ಕೈದು ಮೊಟ್ಟೆ ಇಟ್ಟು, ಅವುಗಳ ಮೇಲೆ ಕೂತು, ಮರಿ ಬಾರದಿದ್ದರೆ ತಾನಾಗಿ ಎದ್ದುಹೋಗುತ್ತದೆ. ತೆಗೆದರೆ ಹೋದದ್ದನ್ನು ತುಂಬಿಸಲು ಮತ್ತೆ ಇಡುತ್ತದೆ.

ತಿನ್ನಿಸಲು ಬೇಯಿಸಿದ ಮೊಟ್ಟೆ ಒಳ್ಳೆಯದು ಎಂದರು. ಬೇರೆ ಏನಿದೆ ಎಂದು ಮಾವ ಕೇಳಿದರು. ನುಗ್ಗೆಸೊಪ್ಪು ಕೊಡಿ, ಸೂರ್ಯಕಾಂತಿ ಬೀಜ ಕಡಿಮೆ ಮಾಡಿ, ಪಂಜರದಲ್ಲಿ ಸಮುದ್ರಫೇನ ಕಟ್ಟಿ ಎಂದರು. ಅದನ್ನು ಕೇಳಿ ಮಾವ ಹಗುರಾದರು. ಊರಿನಲ್ಲಿ ಅವರ ತಾಯಿ ಔಷಧಿಗೆ ತೇಯುತ್ತಿದ್ದ ಸಮುದ್ರನೊರೆ. ಕಡಲಿನ ನೊರೆಯೇ ಗಟ್ಟಿಯಾದದ್ದಲ್ಲವಾ ಎಂದು ಡಾಕ್ಟರನ್ನು ಕೇಳಿದರು. ಅದು ಮೀನಿನಂಥ ಒಂದು ಕಡಲಪ್ರಾಣಿಯ ಎಲುಬು ಎಂದು ನಾನು ಓದಿದ್ದೆ. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ನಾಯಿಯ ಚಿತ್ರ ನೋಡಿದೆ.

ಕೊನೆಯದಾಗಿ, ಮುಟ್ಟುವುದಾದರೆ ತಲೆ ಮಾತ್ರ, ಬೆನ್ನು ಸವರಿದರೆ ಈ ಹಕ್ಕಿ ಅದನ್ನು ಜೋಡಿ ಹಕ್ಕಿಯ ಸಲಿಗೆ ಎಂದು ತಿಳಿದು ಮೊಟ್ಟೆಗೆ ಸಿದ್ಧವಾಗುತ್ತದೆ ಎಂದರು. ಮಾವ ಕೈಯನ್ನು ಜುಬ್ಬಾದ ಕಿಸೆಗೆ ಹಾಕಿಕೊಂಡರು.

"ಇದೊಂದು ಮನೆಯಲ್ಲಿ ಹೇಳುದು ಬೇಡ" ಎಂದರು ನನಗೆ.

ಸಂಜೆಯೊಳಗೆ ಮೊಟ್ಟೆ ಬಂತು. ಡಾಕ್ಟರು ಅದನ್ನು ಹತ್ತಿಯಲ್ಲಿಟ್ಟು ಕೊಟ್ಟರು. ರಿಕ್ಷಾದಲ್ಲಿ ಪಂಜರ ನನ್ನ ತೊಡೆಯ ಮೇಲೆ, ಹತ್ತಿಯ ಪೊಟ್ಟಣ ಮಾವನ ಅಂಗೈಯಲ್ಲಿ. ಬೋರಿವಲಿ ಬರುವವರೆಗೆ ಗುಂಡಿ ಗುಂಡಿಗೂ ಆ ಕೈಯನ್ನು ಎತ್ತಿ ಹಿಡಿದರು. ಬೇರೆ ಯಾರಿಗಾದರೂ ಹಕ್ಕಿಯನ್ನು ಕೊಟ್ಟುಬಿಡುತ್ತಾರೆ ಎಂದುಕೊಂಡೆ. ದೇವರಿರುವ ಮನೆಯಲ್ಲಿ ಮೊಟ್ಟೆ ಬಿಡುವಂತಿಲ್ಲ, ತೆಗೆಯುವಂತೆಯೂ ಇಲ್ಲ, ಅದೊಂದೇ ದಾರಿ ಎಂದು ನನಗೂ ಕಂಡಿತ್ತು.

"ಹೋಟೆಲಿನಲ್ಲಿ ನಮಗೆ ಮೊದಲು ಕಲಿಸಿದ್ದು ಅದೇ" ಎಂದರು. "ಎಲೆ ಖಾಲಿ ಕಂಡರೆ ಬಡಿಸುದು. ಕೇಳ್ಲಿಕ್ಕಿಲ್ಲ. ನಾನು ಎಲೆ ಖಾಲಿ ಮಾಡಿದ್ದು, ಅವಳು ಬಡಿಸಿದ್ದು. ಪಾತ್ರೆ ತಳ ಕಂಡ್ರೂ ಬಡಿಸಿದ್ದಾಳೆ."

ಅವಳು ಎಂದದ್ದು ಅದೇ ಮೊದಲು.

ಮನೆಗೆ ಬಂದು ಮೊಟ್ಟೆಯನ್ನು ಪಂಜರದ ಮೂಲೆಯಲ್ಲಿ ತಾವೇ ಇಟ್ಟರು. ದೇವರ ಮುಂದೆ ಸ್ವಲ್ಪ ಹೊತ್ತು ನಿಂತರು. ಅಲ್ಲಿ ಏನು ಮಾತಾಯಿತೋ ತಿಳಿಯದು. ಆಮೇಲೆ ದೇವರ ಮಂಟಪವಿದ್ದ ಅಡುಗೆಮನೆಯ ಬಾಗಿಲಿಗೆ ಒಂದು ಪರದೆ ಬಂತು. ಹಗಲು ಉದ್ದವಾದಂತೆ ಕಂಡರೆ ಹಕ್ಕಿ ಮೊಟ್ಟೆಗೆ ತೊಡಗುತ್ತದೆಂದು ಡಾಕ್ಟರು ಹೇಳಿದ್ದರಿಂದ, ಹೊತ್ತು ಮುಳುಗುವಾಗ ಪಂಜರಕ್ಕೆ ಸೀರೆ ಹೊದಿಸಿ ಹಾಲ್‌ನ ದೀಪ ಆರಿಸುತ್ತಿದ್ದರು. ಅತ್ತೆ ಕತ್ತಲಲ್ಲಿ ಧಾರಾವಾಹಿಯ ದನಿಯನ್ನಷ್ಟೇ ಸಣ್ಣಗೆ ಇಟ್ಟು ಕೇಳಿದರು. ಮ್ಯಾನೇಜರ್ ಇನ್ನೂ ಕೆಲವನ್ನು ಇಟ್ಟಳು. ಯಾರೂ ತೆಗೆಯಲಿಲ್ಲ. ನಾಲ್ಕಾದ ಮೇಲೆ ನಿಂತಿತು. ಎಲೆ ತುಂಬಿತು ಎಂದರು ಮಾವ. ನಾನು ಪಂಜರದ ಸುತ್ತ ಕುರ್ಚಿಗಳ ಬೇಲಿ ಕಟ್ಟಿ ಯಕ್ಷಿತಾಳನ್ನು ಆಚೆ ಇಟ್ಟೆ. ಯಕ್ಷಿತಾ ಕುರ್ಚಿ ಹತ್ತುವುದನ್ನು ಕಲಿತಳು.

ಆ ಹೊತ್ತಿಗೇ ಅನಿಲ್‌ಭಾಯಿ ಪೂಜೆಯ ಶೀರಾಕ್ಕೆ ಹೇಳಲು ಬಂದರು. ರವೆ, ತುಪ್ಪ ಯಾವತ್ತು ಕಳಿಸಲಿ ಎಂದು ಕೇಳಿದರು. ಮಾವ ಕುರ್ಚಿಯಿಂದ ಎದ್ದು ನಿಂತರು.

"ಇಸ್ ಬಾರ್ ನಹೀ ಹೋಗಾ, ಅನಿಲ್‌ಭಾಯಿ. ಘರ್ ಮೇ ಅಂಡಾ ಹೈ. ಚಾರ್."

ಮನೆಯಲ್ಲಿ ನಾಲ್ಕು ಮೊಟ್ಟೆ ಇವೆ, ಈ ಸಲ ಆಗದು ಎಂಬುದನ್ನು ಕೇಳಿ ಅನಿಲ್‌ಭಾಯಿ ನನ್ನನ್ನು ನೋಡಿದರು.

"ಬಹೂ ಕಾ ನಹೀ", ಸೊಸೆಯದಲ್ಲ ಎಂದರು ಮಾವ. "ಮ್ಯಾನೇಜರ್ ಕಾ."

ಪಂಜರದ ಹತ್ತಿರ ಕರೆದೊಯ್ದು ತೋರಿಸಿದರು. ಇಷ್ಟು ದಿನ ಕೆಳಗೆ ಸಿಕ್ಕಿದ್ದೂ ಇದೇ, ಕಸಕ್ಕೆ ಹಾಕಿದವನು ತಾನೇ, ಇನ್ನು ಮೇಲೆ ಇವು ಇಲ್ಲೇ ಇರುತ್ತವೆ, ಅವಳು ಏಳುವವರೆಗೆ ಇರುತ್ತವೆ, ಸೊಸೈಟಿಯವರು ಏನು ಬೇಕಾದರೂ ಹೇಳಲಿ ಎಂದರು. ಅನಿಲ್‌ಭಾಯಿ ಬಗ್ಗಿ ನೋಡಿದರು. ಮ್ಯಾನೇಜರ್ ಜುಟ್ಟನ್ನು ತಲೆಗೆ ಅಂಟಿಸಿಕೊಂಡು ಬುಸ್ ಎಂದಳು. ಮಾವನಿಗೆ ಅದರಿಂದ ಸಮಾಧಾನವಾದದ್ದು ಮುಖದಲ್ಲಿ ಕಂಡಿತು. ಅನಿಲ್‌ಭಾಯಿ ಎರಡು ಹೆಜ್ಜೆ ಹಿಂದೆ ಸರಿದು, ತಿನ್ನುವುದಕ್ಕಲ್ಲದಿದ್ದರೆ ನಿಯಮ ಏನು ಹೇಳುತ್ತದೆಂದು ಕೇಳಿ ನೋಡಬೇಕು ಎಂದು ಹೋದರು. ಯಾರನ್ನು ಕೇಳಿದರೋ, ಉತ್ತರ ಈವರೆಗೆ ಬಂದಿಲ್ಲ. ಆ ವರ್ಷದ ಶೀರಾ ಅಂಗಡಿಯಿಂದ ಬಂತು. ಮಾವ ಒಂದು ಬೆರಳಿನಷ್ಟು ತಿಂದು, ರವೆ ಹುರಿದದ್ದು ಸಾಲದು ಎಂದರು.

ವಾರಗಳ ನಂತರ ಒಂದು ಬೆಳಿಗ್ಗೆ ಮ್ಯಾನೇಜರ್ ಮೊಟ್ಟೆಗಳಿಂದ ಎದ್ದು, ಕೋಲಿನ ಮೇಲೆ ಹತ್ತಿ, ಸಮುದ್ರನೊರೆಯನ್ನು ಕೆರೆಯುತ್ತ ಕೂತಿದ್ದಳು. ಇನ್ನು ತೆಗೆಯಬಹುದು ಎಂದು ನಾನು ಹೇಳಿದೆ. ಚಹಾಕ್ಕೆ ಎದ್ದಿರಬಹುದು, ಒಂದೆರಡು ದಿನ ನೋಡುವ ಎಂದು ಮಾವ ಕಾದರು. ಅವಳು ಅತ್ತ ತಿರುಗಿಯೂ ನೋಡಲಿಲ್ಲ.

ಆಗ ಮಾವ ಪಂಜರದ ಬಾಗಿಲು ತೆಗೆದು ನಾಲ್ಕನ್ನೂ ಎತ್ತಿದರು. ಇಕ್ಕಳ ಎಲ್ಲಿದೆ ಎಂದು ಅತ್ತೆ ಹುಡುಕುವಷ್ಟರಲ್ಲಿ ಅವು ಅವರ ಅಂಗೈಯಲ್ಲಿದ್ದವು. ಕೆಳಗೆ ಹೋಗಿ, ಕಾಂಪೌಂಡಿನ ದಾಸವಾಳದ ಬುಡದಲ್ಲಿ ಹೂತು ಬಂದರು. ಕೈ ತೊಳೆದರು. ಕಾವಲಿಯ ಮೇಲೆ ದೋಸೆ ಆಗುತ್ತಿತ್ತು. ಕೂತು ಎರಡು ದೋಸೆ ತಿಂದರು. ಅತ್ತೆ ಮೂರನೆಯದನ್ನು ಹಾಕಲೋ ಬೇಡವೋ ಎಂದು ಚಟ್ಟುಗ ಹಿಡಿದು ನೋಡುತ್ತ ನಿಂತರು. ಎಲೆ ಖಾಲಿ ಉಂಟಲ್ಲ ಎಂದರು ಮಾವ.

ಆಮೇಲೆ ಸ್ನಾನಕ್ಕೆ ಹೋದರು.