ಪೇಶಂಟ್ ಹೊರಗೆ ಕೂಡಲಿ

"ಪೇಶಂಟ್‌ಲಾ ಬಾಹೇರ್ ಬಸವಾ."

ಪೇಶಂಟನ್ನು ಹೊರಗೆ ಕೂಡಿಸಿ! ಕೊಲ್ಹಾಪುರದ ದೊಡ್ಡ ಡಾಕ್ಟರು ನಮ್ಮನ್ನು ಕಂಡು ಆಡಿದ ಮೊದಲ ಮಾತು ಇದು. ಪೇಶಂಟ್ ಅಂದರೆ ನನ್ನ ತಾಯಿಯ ಅಣ್ಣ, ನೂಲ ಎಂಬ ಹಳ್ಳಿಯ ಬಸಲಿಂಗ ಮಾಮಾ. ಎಕ್ಸ್‌ರೇ ಲಕೋಟೆಯನ್ನು ಮಗನ ಕೈಗೆ ಕೊಟ್ಟು, ಸೊಂಟ ಹಿಡಿದುಕೊಂಡು ಎದ್ದು, ಹೊರಗಿನ ಬೆಂಚಿನ ಮೇಲೆ ಹೋಗಿ ಕೂತ.

ಬೆನ್ನು ಯಾರದು? ಮಾಮಾನದು. ಆ ಲಕೋಟೆಯಲ್ಲಿದ್ದ ಎಲುಬು ಯಾರವು? ಮಾಮಾನವು. ಮಾತು ಮಾತ್ರ ನಮ್ಮ ಜೊತೆ.

ಹೆಣ್ಣುಮಕ್ಕಳೂ ಹೊರಗಿದ್ದರೆ ಒಳ್ಳೆಯದು ಎಂದರು ಡಾಕ್ಟರು. ನಾನು ಕುರ್ಚಿ ಬಿಡಲಿಲ್ಲ. (ಗಡಹಿಂಗ್ಲಜದ ಶಾಲೆಯಲ್ಲಿ ಊರ ಮಕ್ಕಳನ್ನೆಲ್ಲ ಕೂಡ್ರಿಸಿ ಎಬ್ಬಿಸಿದವಳು ನಾನು. ನನ್ನನ್ನು ಎಬ್ಬಿಸುವುದು ಅಷ್ಟು ಸಲೀಸಲ್ಲ.)

ಕ್ಯಾನ್ಸರ್ ಎಂದರು. ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿ ಇರುತ್ತದೆ. ಅಲ್ಲಿ ಹುಟ್ಟಿ ಬೆನ್ನೆಲುಬಿಗೆ ಹಬ್ಬಿದೆ. ಪೂರ್ತಿ ವಾಸಿಯಾಗುವುದಿಲ್ಲ, ಕೆಲಕಾಲ ತಡೆದು ನಿಲ್ಲಿಸಬಹುದು. ಗಂಡಸಿನ ಹಾರ್ಮೋನೇ ಈ ರೋಗಕ್ಕೆ ಗೊಬ್ಬರ. ಅದನ್ನು ನಿಲ್ಲಿಸಲು ಎರಡು ದಾರಿ. ಸಣ್ಣ ಆಪರೇಶನ್ ಮಾಡಿ ಎರಡೂ ವೃಷಣ ತೆಗೆಯುವುದು. ಇಲ್ಲವೆ ಹೆಂಗಸಿನ ಹಾರ್ಮೋನಿನ ಗುಳಿಗೆಯನ್ನು ದಿನಾ ನುಂಗಿಸುವುದು. ಮಾಮಾನ ಹಾರ್ಟ್ ಅಷ್ಟು ಗಟ್ಟಿ ಇಲ್ಲ, ಗುಳಿಗೆ ಅದಕ್ಕೆ ಭಾರ, ಆಪರೇಶನ್ನೇ ವಾಸಿ ಎಂದೂ ಹೇಳಿದರು.

ಮಾಮಾನ ಮಗ ಮಲ್ಲಣ್ಣನಿಗೆ ಇಚಲಕರಂಜಿಯಲ್ಲಿ ಪವರ್‌ಲೂಮ್ ಇದೆ. ಮಗ್ಗದ ಸದ್ದಿನಲ್ಲಿ ಬದುಕಿದವನದು ಯಾವಾಗಲೂ ಏರುದನಿ. ಅವತ್ತು ಮಾತ್ರ ಪಿಸುಗುಟ್ಟಿದ.

"ಅದೇನೂ ಬ್ಯಾಡ್ರಿ ಸಾಹೇಬ್ರ. ನಾಲ್ಕು ಮಂದ್ಯಾಗ ಅಪ್ಪನ ಮರ್ಯಾದಿ ಹೋಗ್ತೈತಿ. ಗುಳಗಿ ಕೊಡ್ರಿ. ಮತ್ತ ಅಪ್ಪಗ ಏನೂ ಹೇಳಬ್ಯಾಡ್ರಿ. ವಾತ ಅನ್ನೂಣು."

"ಮಾಮಾನ್ನ ಒಂದ ಮಾತ ಕೇಳೂಣಲ್ಲೋ," ಅಂದೆ.

"ನಿನಗ ತಿಳಿಯೂದಿಲ್ಲ ಅಕ್ಕಾ. ಇದು ಗಂಡಸರ ವಿಷಯ."

ಗಂಡಸರ ವಿಷಯವಂತೆ! ಹಾಗಾದರೆ ಹೊರಗೆ ಬೆಂಚಿನ ಮೇಲೆ ಕೂತವನು ಯಾರು? ಬದುವಿನ ಜಗಳ ಬಗೆಹರಿಸಲು, ಸಂಬಂಧ ಕುದುರಿಸಲು ಇಡೀ ನೂಲ ಆ ಮನುಷ್ಯನ ಮಾತು ಕೇಳುತ್ತಿತ್ತು. ಬೇನೆ ಬಂದ ಕೂಡಲೇ ಅವನು ತೊಟ್ಟಿಲ ಕೂಸಾಗಿಬಿಟ್ಟನೆ? ಡಾಕ್ಟರು ವಾದ ಮಾಡಲಿಲ್ಲ. ಗುಳಿಗೆ ಬರೆದುಕೊಟ್ಟು ಮುಂದಿನವರನ್ನು ಕರೆದರು.

ಮಾಮಾ, ಅವನ ಹೆಂಡತಿ ನಮ್ಮ ಅತ್ತಿ ಇಬ್ಬರೂ ಇಚಲಕರಂಜಿಯಲ್ಲಿ ಮಗನ ಮನೆಯಲ್ಲಿ ಉಳಿದರು. ಬೆನ್ನುನೋವು ಇಳಿಯಿತು, ನಿಜ. ಆದರೆ ಗಂಡಸ್ತನ ಉಳಿಸಲು ಕೊಟ್ಟ ಗುಳಿಗೆ ಇನ್ನೇನು ಮಾಡಿತು ಗೊತ್ತೆ? ಮಾಮಾನ ಎದೆ ಹೆಂಗಸರ ಎದೆಯಂತೆ ಊದಿತು. ಬಟ್ಟೆ ತಾಗಿದರೂ ನೋವು. ಕಡುಬೇಸಿಗೆಯಲ್ಲೂ ಮಾಮಾ ಕೋಟು ಬಿಚ್ಚಲಿಲ್ಲ. ಬಚ್ಚಲಲ್ಲಿ ಬೆನ್ನು ತಿಕ್ಕಲು ಹೋದ ಅತ್ತಿಯನ್ನು ಬೈದು ಕಳಿಸಿದ. ಬರಬರುತ್ತ ಪಾದ ಊದಿದವು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು.

ಒಂದು ಭಾನುವಾರ ನೋಡಲು ಹೋಗಿದ್ದೆ. ಕೋಣೆಯಲ್ಲಿ ನಾವಿಬ್ಬರೇ. ಮಾಮಾ ಗೋಡೆಯ ಕಡೆ ಮುಖ ಮಾಡಿ ಕೇಳಿದ: "ಯವ್ವಾ ಶಾರದಾ, ವಾತಕ್ಕ ಯಾರಿಗರ ಎದಿ ಬರ್ತಾವೇನ? ನಾ ಏನ ಪಾಪ ಮಾಡೀನಂತ ದೇವರು ಹಿಂಗ ಆಡಸಾಕತ್ತಾನ?"

ನನ್ನ ಮೈಯೆಲ್ಲ ಉರಿಯಿತು. ಔಷಧದ ಕಾಟವನ್ನು ತನ್ನ ಪಾಪ ಎಂದು ಹೊತ್ತುಕೊಂಡು ಕೂತಿದ್ದಾನೆ!

"ದೇವರಲ್ಲ ಮಾಮಾ, ಗುಳಗಿ," ಅಂದೆ. ಎಲ್ಲ ಹೇಳಿದೆ. ರೋಗದ ಹೆಸರು, ಎರಡು ದಾರಿ, ಯಾರು ಯಾವುದನ್ನು ಆರಿಸಿದರು, ಎಲ್ಲ.

ಮಾಮಾ ಕೋಟನ್ನು ಎದೆಗೆ ಎಳೆದುಕೊಂಡ. ಆಮೇಲೆ, "ಡಾಕ್ಟರಗ ಗೊತ್ತೈತಿ. ಮಲ್ಲ್ಯಾಗ ಗೊತ್ತೈತಿ. ನನ್ನ ಮೈ ನನಗೊಬ್ಬಗ ಗೊತ್ತಿಲ್ಲ," ಎಂದ. ಕಣ್ಣು ತುಂಬಿದ್ದವು. ಟವೆಲ್ಲಿನಿಂದ ಒರೆಸಿಕೊಂಡು ನನ್ನ ಕಡೆ ತಿರುಗಿದ.

"ಆಪರೇಶನ್ ಅಂದ್ರ, ಹೋರಿಗೆ ಬೀಜ ಒಡಸ್ತೇವಲ್ಲ, ಹಂಗಾ?"

"ಹಂಗ ಅನ್ನು. ಆದರ ಸೂಜಿ ಚುಚ್ಚಿ ಮಾಡ್ತಾರ, ಆಗ ನೋವು ತಿಳಿಯೂದಿಲ್ಲ."

ಮಾಮಾ ನಕ್ಕ. ಎಷ್ಟು ದಿನದ ಮೇಲೆ! "ಹೋರಿ ಅದರ ಮ್ಯಾಲೇನ ಎತ್ತಾಗಿ ಹೊಲದಾಗ ಗಳೇ ಎಳೀತೈತೆವ್ವಾ. ಈ ವಯಸ್ಸಿನ್ಯಾಗ ನಾ ಇನ್ನ ಮಕ್ಕಳ ಹಡೀಬೇಕಾಗೇತೇನ? ಮಾಡಸ್ರಿ."

ಯಾರ ಮರ್ಯಾದೆ ಹೋಗುತ್ತದೆಂದು ಮಗ ನಡುಗಿದ್ದನೋ, ಆ ಮನುಷ್ಯ ಹೇಳಿದ್ದು ಇಷ್ಟು.

ಸುದ್ದಿ ಕೇಳಿ ಮಲ್ಲಣ್ಣ ಮಗ್ಗ ಬಿಟ್ಟು ಓಡಿ ಬಂದ. "ಹೇಳಂತ ಯಾರ ಹೇಳಿದ್ರ ನಿನಗ? ಅಪ್ಪ ಎದಿ ಒಡಕೊಂಡ ಸತ್ತಿದ್ರ?"

ನಾನು ಬಾಯಿ ತೆರೆಯುವ ಮೊದಲೇ ಮಾಮಾ ಅಂದ: "ಹೇಳಲಾರದಕ್ಕನ ಅರ್ಧಾ ಸತ್ತಿದ್ನೆಪಾ."

ಕೊಲ್ಹಾಪುರಕ್ಕೆ ಮತ್ತೆ ಹೋದೆವು. ಡಾಕ್ಟರು ಮತ್ತೆ ಬಾಗಿಲು ತೋರಿಸಿದರು. ಮಾಮಾ ಕುರ್ಚಿ ಎಳೆದುಕೊಂಡು ಕೂತು, ಅವರದೇ ಮರಾಠಿಯಲ್ಲಿ, "ಶರೀರ್ ಮಾಝಂ ಆಹೇ ಸಾಹೇಬ್, ಮಲಾಚ್ ಸಾಂಗಾ," ಅಂದ. ಮೈ ನನ್ನದು, ನನಗೇ ಹೇಳಿ. ಡಾಕ್ಟರು ಕನ್ನಡಕ ತೆಗೆದು, ಒಂದು ಗಳಿಗೆ ಅವನನ್ನೇ ನೋಡಿ, ಹೇಳಿದರು. ರೋಗ ಮತ್ತೆ ಬರುತ್ತದೆ ಎಂಬುದನ್ನೂ ಬಿಡಲಿಲ್ಲ. ಆಕಾಶವೇನೂ ಕಳಚಿ ಬೀಳಲಿಲ್ಲ. ಇಷ್ಟಕ್ಕೇ ಆಗಬೇಕಿತ್ತೆ ಅಷ್ಟೆಲ್ಲ ಪಿಸುಮಾತು?

ಆಪರೇಶನ್ ಆಯಿತು. ಗುಳಿಗೆ ನಿಂತಿತು, ಕಾಲಿನ ಬಾವು ಇಳಿಯಿತು, ಉಸಿರು ಹದಕ್ಕೆ ಬಂತು. ಎದೆ ಮಾತ್ರ ಮೊದಲಿನಂತಾಗಲಿಲ್ಲ. ಅದು ಮರ್ಯಾದೆ ಕಾಯುವವರು ಕೊಟ್ಟ ಬಳುವಳಿ. ಮಾಮಾ ಅತ್ತಿಯನ್ನು ಕರೆದುಕೊಂಡು ನೂಲಕ್ಕೆ ಮರಳಿದ. ಶೇಂಗಾ ಕೀಳುವವರನ್ನು ಬದುವಿನ ಮೇಲೆ ನಿಂತು ಬೈಯುವಷ್ಟು ಗಟ್ಟಿಯಾದ.

ಒಂದು ಸುಗ್ಗಿ ಕಳೆದ ಮೇಲೆ ಬೇನೆ ತಿರುಗಿ ಬಂತು. ಮುಂಬಯಿಗೆ ಒಯ್ದು ಲೈಟ್, ಅಂದರೆ ರೇಡಿಯೇಶನ್, ಕೊಡಿಸಬಹುದು ಎಂದರು ಡಾಕ್ಟರು, ಮಾಮಾನಿಗೇ. "ನಡಕೋತ ಮನಿಗೆ ಬರ್ತೇನೇನ್ರಿ?" ಎಂದು ಕೇಳಿದ. ಹೇಳಲಾಗದು ಅಂದರು. "ಹಂಗಾದ್ರ ಬ್ಯಾಡ್ರಿ. ನೋವಿಗೆ ಔಷಧ ಕೊಡ್ರಿ, ನಮ್ಮ ಊರಾಗ ಇರ್ತೇನಿ." ನನಗೆ ಆ ತೀರ್ಮಾನ ಸೇರಲಿಲ್ಲ. ಆದರೆ ಅದು ನನ್ನ ಬೆನ್ನಲ್ಲವಲ್ಲ.

ಹೋದ ತಿಂಗಳು ಮಾಮಾ ತೀರಿಕೊಂಡ. ದುಃಖದಲ್ಲಿ ಮಾತಾಡಿಸಲು ಬಂದವರು ಪಡಸಾಲೆ ತುಂಬ ಕೂತಿದ್ದರು. ಮಲ್ಲಣ್ಣ ನನ್ನ ಎದುರೇ ಹೇಳಿದ: "ಕಡೀತನಕ ಅಪ್ಪಗ ಏನೂ ಗೊತ್ತಾಗದಂಗ ನೋಡಿಕೊಂಡ್ವಿ."

"ಪುಣ್ಯವಂತ," ಎಂದರು ಹಿರಿಯರು. ತಲೆಗಳೆಲ್ಲ ಹೂಂ ಅಂದವು.

ಅಡಿಗೆಮನೆಯ ಬಾಗಿಲಿಂದ ಅತ್ತಿಯ ದನಿ ಬಂತು. ಗಂಡಸರು ಕೂತಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅವ್ರಿಗೆ ಎಲ್ಲಾ ಗೊತ್ತಿತ್ತು. ಗೊತ್ತಿತ್ತಂತನ ನನ್ನ ಕೂಡ ಮನಸ ಬಿಚ್ಚಿ ಮಾತಾಡಿ ಹ್ವಾದ್ರು."

ಮಲ್ಲಣ್ಣ ನೆಲ ನೋಡಿದ.

ಹೇಳಿ, ಸಾಯುವವನಿಗೆ ಗೊತ್ತಾಗಬಾರದು ಎನ್ನುವವರು ನಿಜಕ್ಕೂ ಕಾಪಾಡುವುದು ಯಾರನ್ನು?